ಕಡತ ಬಂತು, ತೆರೆಯಲಿಲ್ಲ: ಪಿಡಿಎಫ್ ಬ್ರೌಸರಿನೊಳಗೆ ಬಂದ ಕಥೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಮನೆಗೆ ಹೊಸ ಲ್ಯಾಪ್‌ಟಾಪ್ ತಂದಿದ್ದಾರೆ. ಮಗಳ ಪಠ್ಯಪುಸ್ತಕಗಳನ್ನೆಲ್ಲ ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡಿದ್ದಾರೆ. "ಸಾರ್, ಇದನ್ನ ಓದೋಕೆ ರೀಡರ್ ಬೇರೆ ಹಾಕಿಸ್ಬೇಕಾ?" ಎಂದು ಕೇಳಿದಳು. "ಬೇಡಮ್ಮ, ಬ್ರೌಸರಿನಲ್ಲೇ ತೆರೆಯುತ್ತೆ, ಒತ್ತಿ ನೋಡು" ಎಂದೆ. ಒತ್ತಿದಳು, ತೆರೆಯಿತು. ಅರ್ಧ ನಿಮಿಷದ ಮಾತು.

ಆದರೆ ಆ ಪ್ರಶ್ನೆಯನ್ನು ಕೇಳಿದವಳು ಅವಳೇ ಆದದ್ದರಿಂದ ನನ್ನ ಮನಸ್ಸು 2009ನೆಯ ಇಸವಿಗೆ ಹೋಯಿತು. ಆ ವರ್ಷ ಅವಳು ಎಸ್.ಎಸ್.ಎಲ್.ಸಿ.ಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ್ದಳು. ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಿತ್ತು. ಅರ್ಜಿಯ ನಮೂನೆ ಅಂತರ್ಜಾಲದಲ್ಲಿ ಮಾತ್ರ ದೊರೆಯುತ್ತಿತ್ತು. ಕೊನೆಯ ದಿನಾಂಕಕ್ಕೆ ಎರಡೇ ದಿನ ಉಳಿದಿದ್ದವು. ನಾನೇ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟು, ಕಳ್ಳಂಬೆಳ್ಳದಿಂದ ಬಸ್ಸು ಹತ್ತಿಸಿ ಪಟ್ಟಣದ ಒಂದು ಸೈಬರ್ ಕೇಂದ್ರಕ್ಕೆ ಕಳುಹಿಸಿದ್ದೆ. ಸಂಜೆ ಬರಿಗೈಯಲ್ಲಿ ಬಂದಳು. "ಸಾರ್, ಫೈಲು ಬಂತು, ಆದ್ರೆ ಓಪನ್ ಆಗ್ಲಿಲ್ಲ" ಎಂದಳು. ಆ ಗಣಕಯಂತ್ರದಲ್ಲಿ ಪಿಡಿಎಫ್ ಓದುವ ತಂತ್ರಾಂಶವೇ ಇರಲಿಲ್ಲವಂತೆ. ಅಂಗಡಿಯ ಹುಡುಗ ಅದನ್ನು ಇಳಿಸಲು ಹೊರಟನಂತೆ. ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋಯಿತಂತೆ.

ನಾನು ನಂಬಲಿಲ್ಲ. "ಒಂದು ಫಾರಂ ತರೋಕೂ ಆಗ್ಲಿಲ್ವಾ ನಿನಗೆ?" ಎಂದು ಗದರಿದೆ. ಮರುದಿನ ನಾನೇ ಬೇರೆಡೆ ಹೋಗಿ ಅಚ್ಚು ತೆಗೆಸಿ, ತುಂಬಿಸಿ ಅಂಚೆಗೆ ಹಾಕುವ ವೇಳೆಗೆ ತಡವಾಗಿತ್ತು. ಆ ವಿದ್ಯಾರ್ಥಿವೇತನ ಅವಳಿಗೆ ತಪ್ಪಿತು. ತಪ್ಪು ಯಾರದು ಎಂಬುದನ್ನು ಅರಿಯಲು ನನಗೆ ಹಲವು ವರ್ಷಗಳೇ ಹಿಡಿದವು. ಇತಿಹಾಸ ಬೋಧಿಸಿದ ಮೇಷ್ಟರಿಗೆ ಒಂದು ಸಂಗತಿಯನ್ನು ಮೂಲದಿಂದ ಹಿಡಿದು ನೋಡಿದರೇ ಸಮಾಧಾನ. ಆದ್ದರಿಂದ ಈ ಬರೆಹ.

1993ನೆಯ ಇಸವಿಯಿಂದ ಆರಂಭಿಸೋಣ. ಆ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಒಂದು ಕೇಂದ್ರದಿಂದ ಮೊಸಾಯಿಕ್ ಎಂಬ ಬ್ರೌಸರ್ ಹೊರಬಂತು. ಅಂತರ್ಜಾಲದ ಪುಟಗಳಲ್ಲಿ ಚಿತ್ರವನ್ನೂ ಅಕ್ಷರವನ್ನೂ ಒಟ್ಟಿಗೆ ತೋರಿಸಿ ಜನಸಾಮಾನ್ಯರನ್ನು ಸೆಳೆದದ್ದು ಅದು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಡೋಬಿ ಸಂಸ್ಥೆ ಅಕ್ರೊಬ್ಯಾಟ್ ಎಂಬ ತಂತ್ರಾಂಶವನ್ನೂ ಅದರೊಂದಿಗೆ ಪಿಡಿಎಫ್ ಎಂಬ ಕಡತದ ರೂಪವನ್ನೂ ಹೊರತಂದಿತು. ಅಡೋಬಿಯ ಸ್ಥಾಪಕರಲ್ಲೊಬ್ಬರಾದ ಜಾನ್ ವಾರ್ನಾಕ್ ಅವರ ಕಲ್ಪನೆ ಅದು. ಯಾವ ಯಂತ್ರದಲ್ಲಿ ತೆರೆದರೂ, ಯಾವ ಮುದ್ರಕದಲ್ಲಿ ಅಚ್ಚು ಹಾಕಿದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಅವರ ಆಶಯ.

ಹೀಗೆ ಇವೆರಡೂ ಒಂದೇ ವರ್ಷದಲ್ಲಿ ಬೆಳಕು ಕಂಡವು. ಸ್ವಭಾವದಲ್ಲಿ ಮಾತ್ರ ಉತ್ತರ ದಕ್ಷಿಣ. ಅಂತರ್ಜಾಲದ ಪುಟ ನೀರಿನಂತೆ. ತೆರೆ ಹಿಗ್ಗಿದರೆ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ಪಿಡಿಎಫ್ ಅಚ್ಚಿನ ಹಾಳೆಯಂತೆ. ಸಾಲು ಎಲ್ಲಿ ಮುರಿಯಬೇಕು, ಚಿತ್ರ ಎಲ್ಲಿ ಕೂರಬೇಕು ಎಂಬುದೆಲ್ಲ ಮೊದಲೇ ನಿಗದಿಯಾಗಿರುತ್ತದೆ. ಆದ್ದರಿಂದ ಬ್ರೌಸರಿಗೆ ಪಿಡಿಎಫ್ ಓದಲು ಬರುತ್ತಿರಲಿಲ್ಲ. ಅದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಿತ್ತು. ಮೊದಲಿಗೆ ಆ ಓದುವ ತಂತ್ರಾಂಶಕ್ಕೂ ಅಡೋಬಿ 50 ಡಾಲರ್ ಬೆಲೆ ಇಟ್ಟಿತ್ತು. ಓದುವುದಕ್ಕೇ ಹಣ ಕೇಳಿದರೆ ಯಾರೂ ಬರೆಯುವುದಿಲ್ಲ ಎಂಬುದು ಬೇಗನೆ ಅರಿವಾಗಿ, ಅನಂತರ ಅದನ್ನು ಉಚಿತವಾಗಿಸಿತು.

ನಮ್ಮ ಹಳ್ಳಿಗಳ ಹಳೆಯ ಅಂಚೆಯ ವ್ಯವಸ್ಥೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಂಚೆಯವನು ಕಾಗದ ತಂದು ಕೈಗಿಡುತ್ತಿದ್ದ. ಓದು ಬಾರದ ಅಜ್ಜಿ ಅದನ್ನು ಹಿಡಿದು ಮೇಷ್ಟರ ಮನೆಗೋ ಶಾನುಭೋಗರ ಮನೆಗೋ ಹೋಗಬೇಕಿತ್ತು. ಅಲ್ಲಿ ಅವರಿಲ್ಲದಿದ್ದರೆ ಕಾಗದ ಬಂದೂ ಬಾರದಂತೆ. ಮೊದಮೊದಲಿನ ಬ್ರೌಸರ್ ಅಂತಹ ಅಂಚೆಯವನು. ಕಡತವನ್ನು ತಂದುಕೊಡುವುದಷ್ಟೇ ಅದರ ಕೆಲಸ. ಓದಿ ಹೇಳುವವನು ಬೇರೆ. ಮುಂದೆ 1996ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿ 'ಪ್ಲಗ್ಇನ್' ಎಂಬ ಏರ್ಪಾಟನ್ನು ತಂದಿತು. ಓದುವವನು ಅಂಚೆಯವನ ಜೊತೆಯಲ್ಲೇ ಮನೆ ಬಾಗಿಲಿಗೆ ಬಂದು ನಿಂತಂತೆ. ಪಿಡಿಎಫ್ ಬ್ರೌಸರಿನ ಕಿಟಕಿಯಲ್ಲೇ ಕಾಣುತ್ತಿತ್ತು ನಿಜ, ಆದರೆ ಒಳಗೆ ಕೆಲಸ ಮಾಡುತ್ತಿದ್ದದ್ದು ಅಡೋಬಿಯ ತಂತ್ರಾಂಶವೇ. ಅದು ಯಂತ್ರದಲ್ಲಿ ಇಲ್ಲದಿದ್ದರೆ ಕಿಟಕಿ ಖಾಲಿ.

ಇಲ್ಲಿ ಕನ್ನಡಿಗರ ಪಾಡು ಇಂಗ್ಲಿಷ್ ಓದುಗರದಕ್ಕಿಂತ ಭಿನ್ನವಾಗಿತ್ತು ಎಂಬುದನ್ನು ನಾವು ಗಮನಿಸಬೇಕು. ಭಾರತದಲ್ಲಿ ಅಂತರ್ಜಾಲ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಡಾ. ಯು.ಬಿ. ಪವನಜ ಅವರು 'ವಿಶ್ವಕನ್ನಡ' ಜಾಲಪತ್ರಿಕೆಯನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳನ್ನು ಸೇರಿತು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಅಂದಿನ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಸಂಕೇತಗಳ ಮೇಲೆ ಕುಳಿತಿದ್ದವು. ನೀವು ಬರೆದ ಪತ್ರವನ್ನು ನಾನು ಓದಬೇಕಾದರೆ ನಿಮ್ಮಲ್ಲಿದ್ದ ಅಕ್ಷರಶೈಲಿಯೇ ನನ್ನ ಯಂತ್ರದಲ್ಲೂ ಇರಬೇಕಿತ್ತು. ಇಲ್ಲವಾದರೆ ಕಾಣುತ್ತಿದ್ದದ್ದು ಬಾಲ ಕೊಂಬುಗಳುಳ್ಳ ರೋಮನ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ವಿಂಡೋಸ್ ವ್ಯವಸ್ಥೆಯಲ್ಲಿ 'ತುಂಗಾ' ಅಕ್ಷರಶೈಲಿಯೊಡನೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಆಮೇಲೂ ಹಳೆಯ ಯಂತ್ರಗಳು, ಹಳೆಯ ಅಭ್ಯಾಸಗಳು ಬಹುಕಾಲ ಉಳಿದವು.

ಈ ಗೊಂದಲದ ನಡುವೆ ಪಿಡಿಎಫ್ ನಮಗೆ ಆಪದ್ಬಂಧುವಾಯಿತು. ಏಕೆಂದರೆ ಅದು ಅಕ್ಷರಶೈಲಿಯನ್ನು ತನ್ನ ಹೊಟ್ಟೆಯಲ್ಲೇ ಹೊತ್ತು ಸಾಗುತ್ತದೆ. ಪ್ರವಾಸ ಹೊರಟವನು ಬುತ್ತಿ ಕಟ್ಟಿಕೊಂಡಂತೆ. ಎದುರಿನ ಊರಿನಲ್ಲಿ ಏನಿದೆ, ಏನಿಲ್ಲ ಎಂಬ ಚಿಂತೆ ಅದಕ್ಕಿಲ್ಲ. ಸರ್ಕಾರಿ ಆದೇಶ, ಅರ್ಜಿ ನಮೂನೆ, ಪ್ರಶ್ನೆಪತ್ರಿಕೆ, ಮದುವೆಯ ಆಮಂತ್ರಣ, ಪದ್ಯಸಂಕಲನ ಎಲ್ಲವೂ ಪಿಡಿಎಫ್ ಆಗಿಯೇ ಓಡಾಡಿದವು. ಇಂಗ್ಲಿಷ್ ಓದುಗನಿಗೆ ಪಿಡಿಎಫ್ ಒಂದು ಸೌಕರ್ಯ. ಕನ್ನಡ ಓದುಗನಿಗೆ ಅದು ಹೆಚ್ಚುಕಡಿಮೆ ನಂಬಬಹುದಾಗಿದ್ದ ಒಂದೇ ದಾರಿ. ಆ ದಾರಿಯ ಬಾಗಿಲಲ್ಲಿ 'ಮೊದಲು ರೀಡರ್ ಹಾಕಿಕೊಳ್ಳಿ' ಎಂಬ ತಡೆ ಇದ್ದದ್ದರಿಂದ, ಅದರ ಪೆಟ್ಟು ನಮಗೆ ಹೆಚ್ಚು ಬಿತ್ತು.

ಆ ತಡೆ ಎಷ್ಟು ಭಾರದ್ದು ಎಂಬುದನ್ನು ಲೆಕ್ಕ ಹಾಕಿ ನೋಡಿ. 2008ರಲ್ಲಿ ಬಂದ ಅಡೋಬಿ ರೀಡರಿನ ಒಂಬತ್ತನೆಯ ಆವೃತ್ತಿ 30 ಎಂಬಿಗಿಂತ ದೊಡ್ಡದು. ದೂರವಾಣಿ ತಂತಿಯ ಮೇಲಿನ ಡಯಲ್ಅಪ್ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಎಲ್ಲವೂ ಸರಿಯಾಗಿ ನಡೆದರೂ 30 ಎಂಬಿ ಇಳಿಯಲು ಒಂದು ಗಂಟೆ ಹತ್ತು ನಿಮಿಷ ಬೇಕು. ವಾಸ್ತವದಲ್ಲಿ ಎಲ್ಲವೂ ಎಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ಆ ಹುಡುಗಿ ತರಬೇಕಿದ್ದದ್ದು ಎರಡು ಪುಟದ ನಮೂನೆ. ಎರಡು ಪುಟ ಓದಲು ಒಂದು ಗಾಡಿ ಸಾಮಾನು ಹೊರಬೇಕಾದ ಸ್ಥಿತಿ ಅದು.

ಬದಲಾವಣೆಗೆ ಕಾರಣಗಳು ಎರಡು. ಮೊದಲನೆಯದು, 2008ರಲ್ಲಿ ಪಿಡಿಎಫ್ ಅಂತಾರಾಷ್ಟ್ರೀಯ ಮಾನಕವಾದದ್ದು. ಐಎಸ್ಒ 32000 ಎಂಬುದು ಅದರ ಸಂಖ್ಯೆ. ಅಲ್ಲಿಂದ ಮುಂದೆ ಆ ರೂಪದ ನಿಯಮಗಳು ಒಂದು ಕಂಪನಿಯ ಸೊತ್ತಾಗಿ ಉಳಿಯಲಿಲ್ಲ.  ಎರಡನೆಯದು ಭದ್ರತೆ. 2009-10ರ ಸುಮಾರಿನಲ್ಲಿ ರೀಡರ್ ಮತ್ತು ಅದರ ಪ್ಲಗ್ಇನ್ನಿನ ದೋಷಗಳನ್ನು ಬಳಸಿ, ಪಿಡಿಎಫ್ ಒಳಗೆ ಕೇಡಿನ ಸೂಚನೆಗಳನ್ನು ಅಡಗಿಸಿ ಕಳುಹಿಸುವ ದುಷ್ಕರ್ಮಿಗಳ ಹಾವಳಿ ಹೆಚ್ಚಾಯಿತು. ಜನರು ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಲಿಲ್ಲವಾದ್ದರಿಂದ ಹಳೆಯ ದೋಷಗಳು ಹಾಗೆಯೇ ಉಳಿದಿದ್ದವು.

ಇದಕ್ಕೆ ಬ್ರೌಸರ್ ತಯಾರಕರು ಕಂಡುಕೊಂಡ ಪರಿಹಾರವೆಂದರೆ ಓದುವ ಕೆಲಸವನ್ನು ತಾವೇ ವಹಿಸಿಕೊಳ್ಳುವುದು. ಗೂಗಲಿನ ಕ್ರೋಮ್ 2010ರಲ್ಲಿ ಪಿಡಿಎಫ್ ತೋರಿಸುವ ವ್ಯವಸ್ಥೆಯನ್ನು ತನ್ನೊಳಗೇ ಸೇರಿಸಿಕೊಂಡಿತು. ಕಡತದಲ್ಲಿ ಕೇಡಿದ್ದರೂ ಅದು ಯಂತ್ರದ ಉಳಿದ ಭಾಗಕ್ಕೆ ಹರಡದಂತೆ ಅದನ್ನು ಪ್ರತ್ಯೇಕ ಆವರಣದಲ್ಲಿ ತೆರೆಯುವ ಕ್ರಮವನ್ನು ಅನುಸರಿಸಿತು. 2014ರಲ್ಲಿ ಆ ವ್ಯವಸ್ಥೆಯ ಮೂಲ ಸಂಕೇತಗಳನ್ನು 'ಪಿಡಿಎಫಿಯಂ' ಎಂಬ ಹೆಸರಿನಲ್ಲಿ ಮುಕ್ತಗೊಳಿಸಲಾಯಿತು. ಮೊಜಿಲ್ಲಾದವರು ಇನ್ನೊಂದು ದಾರಿ ಹಿಡಿದರು. ಅಂತರ್ಜಾಲದ ಪುಟಗಳನ್ನು ರಚಿಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಪಿಡಿಎಫ್ ಓದುವ ತಂತ್ರಾಂಶವನ್ನು 2011ರಿಂದ ಕಟ್ಟತೊಡಗಿ, 2013ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸಿನ 19ನೆಯ ಆವೃತ್ತಿಯೊಡನೆ ಎಲ್ಲರಿಗೂ ಕೊಟ್ಟರು. 2015ರಲ್ಲಿ ವಿಂಡೋಸ್ 10ರೊಡನೆ ಬಂದ ಎಡ್ಜ್ ಬ್ರೌಸರ್ ಪಿಡಿಎಫ್ ಕಡತಗಳನ್ನು ತಾನೇ ತೆರೆಯತೊಡಗಿತು. ಅದೇ ವರ್ಷ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಹಳೆಯ ಪ್ಲಗ್ಇನ್ನುಗಳಿಗೆ ಬಾಗಿಲು ಹಾಕಿದವು. ಅಂಚೆಯವನು ತಾನೇ ಓದಲು ಕಲಿತಿದ್ದ.

ಇದರಿಂದ ನಮ್ಮ ಊರಿನವರಿಗೆ ಏನು ಲಾಭವಾಯಿತು ಎಂದು ಕೇಳಬಹುದು. ನನಗೆ ಬಹಳ ಹತ್ತಿರವಾದ ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಶಿರಾ, ಮಧುಗಿರಿ, ಪಾವಗಡ ಸೀಮೆಯಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಶಾಸನದ ಕಲ್ಲುಗಳು ನಿಂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ಹೇಮಾವತಿಯಿಂದ ಆಳಿದ ನೊಳಂಬರ ಕಾಲದಿಂದ ವಿಜಯನಗರದ ಕಾಲದವರೆಗಿನ ಸಂಗತಿಗಳು ಅವುಗಳ ಮೇಲಿವೆ. ಅವುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬೆಂಜಮಿನ್ ಲೂಯಿ ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು ಶಿಕ್ಷಣ ಇಲಾಖೆಯಲ್ಲಿದ್ದು, ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಮುನ್ನಡೆಸಿದರು. ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಹನ್ನೆರಡನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯದು, ಪ್ರಕಟವಾದದ್ದು 1904ರಲ್ಲಿ. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ ಮೂರನ್ನೂ ಅದರಲ್ಲಿ ಕೊಟ್ಟಿದ್ದಾರೆ. ಮಧುಗಿರಿ ಅಲ್ಲಿ ಮದ್ದಗಿರಿ ಎಂದಿದೆ.

ಈ ಸಂಪುಟವನ್ನು ನಾನು ಬಿ.ಎಡ್. ಓದುವಾಗ ಗ್ರಂಥಾಲಯವೊಂದರ ಗಾಜಿನ ಕಪಾಟಿನಲ್ಲಿ ಕಂಡಿದ್ದೆ. ಮನೆಗೆ ಕೊಡುತ್ತಿರಲಿಲ್ಲ. ಕುಳಿತಲ್ಲೇ ಕೆಲವು ಪುಟ ಬರೆದುಕೊಂಡು ಬಂದಿದ್ದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಭಾರತ ಡಿಜಿಟಲ್ ಗ್ರಂಥಾಲಯ ಆರಂಭವಾಗಿ ಸಾವಿರಾರು ಹಳೆಯ ಪುಸ್ತಕಗಳು ಅಂತರ್ಜಾಲಕ್ಕೆ ಬಂದವು. ಮಹತ್ತಾದ ಕೆಲಸ ಅದು. ಆದರೆ ಅಲ್ಲಿನ ಪುಟಗಳು ಟಿಫ್ ಎಂಬ ಚಿತ್ರರೂಪದಲ್ಲಿದ್ದವು. ಅವನ್ನು ನೋಡಲು ಬ್ರೌಸರಿಗೆ ಬೇರೊಂದು ಜೋಡಣೆ ಹಾಕಿಕೊಳ್ಳಬೇಕಿತ್ತು. ಪುಸ್ತಕ ಮತ್ತೆ ಗಾಜಿನ ಆಚೆಗೇ ಉಳಿಯಿತು. ಈಗ ಆ ಸಂಗ್ರಹದ ಬಹುಪಾಲು ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ತಾಣದಲ್ಲಿವೆ. ಅಲ್ಲಿ ಪುಸ್ತಕ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಪುಟ ಮಗುಚುತ್ತದೆ. ಪಿಡಿಎಫ್ ಆಗಿ ಇಳಿಸಿಕೊಂಡರೆ ಅದೂ ಅದೇ ಬ್ರೌಸರಿನಲ್ಲಿ ತೆರೆಯುತ್ತದೆ. ಯಾವ ತಂತ್ರಾಂಶವನ್ನೂ ಬೇಡದೆ ರೈಸ್ ಅವರ ತುಮಕೂರು ಸಂಪುಟ ನನ್ನ ಮನೆಯ ಮೇಜಿನ ಮೇಲೆ ತೆರೆದುಕೊಂಡ ದಿನ ನಾನು ರಾತ್ರಿ ಹನ್ನೊಂದರವರೆಗೆ ಎದ್ದಿದ್ದೆ.

ಹಾಗೆಂದು ಬ್ರೌಸರಿನಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳಲಾರೆ. ನೀವು ತಿಳಿದಿರಬೇಕಾದ ಕೊರತೆಗಳು ನಾಲ್ಕಿವೆ.

ಮೊದಲನೆಯದು ಸಹಿ. ಆಧಾರ್ ಪತ್ರವನ್ನು ಅಂತರ್ಜಾಲದಿಂದ ಇಳಿಸಿಕೊಂಡಾಗ ಅದರಲ್ಲಿ ಡಿಜಿಟಲ್ ಸಹಿ ಇರುತ್ತದೆ. ಬ್ರೌಸರ್ ಆ ಸಹಿಯ ಚಿತ್ರವನ್ನು ತೋರಿಸುತ್ತದೆಯೇ ಹೊರತು ಸಾಮಾನ್ಯವಾಗಿ ಅದು ಸಾಚಾ ಹೌದೇ ಎಂದು ಪರೀಕ್ಷಿಸುವುದಿಲ್ಲ. ಆ ಪರೀಕ್ಷೆಗೆ ಅಡೋಬಿ ರೀಡರಿನಂತಹ ತಂತ್ರಾಂಶ ಬೇಕು. ಕಾಗದ ಓದಿ ಹೇಳಿದವನೇ ರುಜುವಿಗೂ ಸಾಕ್ಷಿಯಾಗಲಾರ.

ಎರಡನೆಯದು ಕೆಲವು ವಿಶೇಷ ನಮೂನೆಗಳು. ಎಕ್ಸ್ಎಫ್ಎ ಎಂಬ ಬಗೆಯಲ್ಲಿ ಸಿದ್ಧಪಡಿಸಿದ ಅರ್ಜಿಗಳನ್ನು ಬ್ರೌಸರಿನಲ್ಲಿ ತೆರೆದರೆ ಅರ್ಜಿಯ ಬದಲು 'ದಯವಿಟ್ಟು ಕಾಯಿರಿ' ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಮಾತ್ರ ಕಾಣುತ್ತಿತ್ತು. ಎಷ್ಟು ಕಾದರೂ ಏನೂ ಬರುತ್ತಿರಲಿಲ್ಲ. 2021ರಲ್ಲಿ ಫೈರ್‌ಫಾಕ್ಸ್ ಅವನ್ನೂ ತೋರಿಸಲು ಕಲಿಯಿತು. ಅಂತಹ ಒಕ್ಕಣೆ ಕಂಡರೆ ಕಾಯಬೇಡಿ. ಕಡತವನ್ನು ಉಳಿಸಿಕೊಂಡು ಬೇರೆ ತಂತ್ರಾಂಶದಲ್ಲಿ ತೆರೆಯಿರಿ.

ಮೂರನೆಯದು ಹುಡುಕಾಟ. ನುಡಿಯಂತಹ ಹಳೆಯ ಅಕ್ಷರಗಳಲ್ಲಿ ಸಿದ್ಧವಾದ ಕನ್ನಡ ಪಿಡಿಎಫ್ ಕಣ್ಣಿಗೆ ಅಂದವಾಗಿ ಕಾಣುತ್ತದೆ. ಆದರೆ ಅದರಲ್ಲಿ 'ಕೆರೆ' ಎಂಬ ಪದವನ್ನು ಹುಡುಕಿದರೆ ಸಿಗುವುದಿಲ್ಲ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅದೇ ಹಳೆಯ ರೋಮನ್ ರಾಶಿ. ನಾನು ತೆರೆದ ರೈಸ್ ಸಂಪುಟದ ಪ್ರತಿಯಲ್ಲೂ ಇಂಗ್ಲಿಷ್ ಭಾಗದಲ್ಲಿ ಹುಡುಕಿದರೆ ಪದಗಳು ಸಿಕ್ಕವು, ಕನ್ನಡ ಭಾಗದಲ್ಲಿ ಸಿಗಲಿಲ್ಲ. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅದು ಬರಿಯ ಚಿತ್ರ. ಟೆಸರಾಕ್ಟಿನಂತಹ ಮುಕ್ತ ತಂತ್ರಾಂಶಗಳು ಚಿತ್ರದಲ್ಲಿರುವ ಕನ್ನಡ ಅಕ್ಷರವನ್ನು ಗುರುತಿಸಿ ಯೂನಿಕೋಡಿಗೆ ತರಬಲ್ಲವು; ಆದರೆ ಅಲ್ಲಿ ಉಳಿಯುವ ತಪ್ಪುಗಳನ್ನು ತಿದ್ದಲು ಕನ್ನಡ ಬಲ್ಲ ಮನುಷ್ಯರೇ ಬೇಕು. ನಿವೃತ್ತರಾದ ನಮ್ಮಂಥವರಿಗೆ ಇದು ತಕ್ಕ ಕೆಲಸ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಬ್ರೌಸರಿನಲ್ಲಿ ಪುಸ್ತಕ ಕಂಡಿತೆಂದರೆ ಅದು ನಮ್ಮಲ್ಲಿದೆ ಎಂಬ ಭ್ರಮೆ ಹುಟ್ಟುತ್ತದೆ. 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ಸೈಬರ್ ದಾಳಿಯಾಗಿ ಅದು ಹಲವು ದಿನ ಮುಚ್ಚಿತ್ತು. ಆ ದಿನಗಳಲ್ಲಿ ನಾನು ಅಲ್ಲಿಯೇ ಓದುತ್ತಿದ್ದ ಒಂದು ಪುಸ್ತಕ ಅರ್ಧಕ್ಕೆ ನಿಂತಿತು. ರೈಸ್ ಸಂಪುಟವನ್ನು ಮಾತ್ರ ಮೊದಲೇ ಇಳಿಸಿ ಇಟ್ಟುಕೊಂಡಿದ್ದೆನಾದ್ದರಿಂದ ಅದು ಉಳಿಯಿತು. ಅಂತರ್ಜಾಲವಿಲ್ಲದೆಯೂ ಅದೇ ಬ್ರೌಸರಿನಲ್ಲಿ ತೆರೆಯಿತು. ಆದ್ದರಿಂದ ಬೇಕಾದ ಕಡತವನ್ನು ನೋಡಿ ಬಿಡಬೇಡಿ, ನಿಮ್ಮ ಯಂತ್ರದಲ್ಲಿ ಉಳಿಸಿಕೊಳ್ಳಿ. ಪಹಣಿ, ಅಂಕಪಟ್ಟಿ, ವಿಮೆಯ ಪತ್ರಗಳ ವಿಷಯದಲ್ಲಿ ಇದನ್ನು ಮರೆಯಲೇಬಾರದು.

ಇನ್ನು ಮೊಬೈಲಿನ ಮಾತು. ಆಂಡ್ರಾಯ್ಡ್ ದೂರವಾಣಿಗಳ ಕ್ರೋಮ್ ಬ್ರೌಸರ್ ಬಹಳ ವರ್ಷಗಳ ಕಾಲ ಪಿಡಿಎಫ್ ತೋರಿಸದೆ ಇಳಿಸಿಕೊಂಡು ಬೇರೊಂದು ಆ್ಯಪ್ ಕೈಗೆ ಒಪ್ಪಿಸುತ್ತಿತ್ತು. ಕಂಪ್ಯೂಟರಿನಲ್ಲಿ ಮುಗಿದ ಕಥೆ ಮೊಬೈಲಿನಲ್ಲಿ ಮೊದಲಿನಿಂದ ನಡೆಯಿತು. 2020ರಲ್ಲಿ ಶಾಲೆಗಳು ಮುಚ್ಚಿ, ಪಾಠಗಳು ಪಿಡಿಎಫ್ ಆಗಿ ವಾಟ್ಸ್ಆ್ಯಪಿನಲ್ಲಿ ಬರತೊಡಗಿದಾಗ ನಮ್ಮ ಬೀದಿಯ ಮಗುವೊಂದು ಅಪ್ಪನ ಮೊಬೈಲ್ ಹಿಡಿದು ನನ್ನಲ್ಲಿಗೆ ಬಂದಿತ್ತು. "ತಾತ, ಬಂದಿದೆ, ಬಿಚ್ಕೋತಿಲ್ಲ" ಎಂದಿತು. ಹನ್ನೊಂದು ವರ್ಷಗಳ ಹಿಂದೆ ಕೇಳಿದ ಮಾತೇ ಅದು. ಈ ಸಲ ನಾನು ಗದರಲಿಲ್ಲ. ಮೊಬೈಲನ್ನು ಕೈಗೆ ತೆಗೆದುಕೊಂಡು, ತೆರೆಯಬಲ್ಲ ಆ್ಯಪ್ ಒಂದನ್ನು ಹಾಕಿಕೊಟ್ಟೆ.

ಮೊನ್ನೆಯ ದೂರವಾಣಿಯ ಕೊನೆಯಲ್ಲಿ ನಾನು ಆ ಹಳೆಯ ಸಂಗತಿಯನ್ನು ಎತ್ತಿದೆ. "ಅವತ್ತು ನಿನ್ನನ್ನ ಸುಮ್ಮಸುಮ್ಮನೆ ಬೈದುಬಿಟ್ಟೆ ಕಣಮ್ಮ. ತಪ್ಪು ನಿನ್ನದಾಗಿರಲಿಲ್ಲ" ಎಂದೆ. ಅವಳು ಮರೆತಿರಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಬಿಡಿ ಸಾರ್, ರೀಡರ್ ಇದ್ದಿದ್ರೂ ಕರೆಂಟೇ ಇರ್ಲಿಲ್ವಲ್ಲ" ಎಂದು ನಕ್ಕಳು. ಆಮೇಲೆ ಆ ಪಠ್ಯಪುಸ್ತಕಗಳನ್ನು ಲ್ಯಾಪ್‌ಟಾಪಿನಲ್ಲಿ ಎಲ್ಲಿ ಉಳಿಸಬೇಕು, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡುವುದು ಹೇಗೆ ಎಂದು ಕೇಳಿ ಬರೆದುಕೊಂಡಳು.